ವಾಹನ ಎಣಿಸಿದ್ದು ಸಾಕು, ಜನರನ್ನೂ ಎಣಿಸಲು ಕಲಿಸಿ: ಸಿವಿಲ್ ಪಠ್ಯಕ್ರಮ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಸಿವಿಲ್ ಇಂಜಿನಿಯರಿಂಗ್ ಪಠ್ಯಕ್ರಮ ಮಂಡಳಿಗಳು,
ಕರ್ನಾಟಕದ ತಾಂತ್ರಿಕ ವಿಶ್ವವಿದ್ಯಾಲಯಗಳು ಹಾಗೂ ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜುಗಳು

ಮಾನ್ಯರೇ, ನಮಸ್ಕಾರ.

ಸಿವಿಲ್ ಓದುವ ಮಕ್ಕಳು ನಾಲ್ಕು ವರ್ಷದಲ್ಲಿ ಜಲ್ಲಿಕಲ್ಲಿಗೆ ಎಷ್ಟು ಕಾಟ ಕೊಡುತ್ತಾರೆ ಅಂತ ನಿಮಗೆ ಹೇಳಬೇಕಿಲ್ಲ. ಕುಟ್ಟಿ ನೋಡುತ್ತಾರೆ, ಒತ್ತಿ ನೋಡುತ್ತಾರೆ, ಲಾಸ್ ಏಂಜಲೀಸ್ ಡ್ರಮ್ಮಿನಲ್ಲಿ ಉಕ್ಕಿನ ಗುಂಡು ಹಾಕಿ ಉರುಳಿಸಿ ನೋಡುತ್ತಾರೆ. ಡಾಂಬರಿಗೆ ಸೂಜಿ ಇಳಿಸುತ್ತಾರೆ, ಎಳೆಯುತ್ತಾರೆ, ಎಷ್ಟು ಬಿಸಿಗೆ ಮೆತ್ತಗಾಗುತ್ತದೆ ಅಂತ ಬರೆದುಕೊಳ್ಳುತ್ತಾರೆ. ಇದೆಲ್ಲ ಬೇಕೇ ಬೇಕು. ಆದರೆ ಅದೇ ಕಲ್ಲು, ಅದೇ ಡಾಂಬರು ಹಾಕಿದ ರಸ್ತೆಯಲ್ಲಿ ಗಂಟೆಗೆ ಎಷ್ಟು ಜನ ಹೋಗುತ್ತಾರೆ, ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ದಾಟಲಾಗದೆ ನಿಂತಿರುತ್ತಾರೆ ಅನ್ನುವುದನ್ನು ಒಂದು ದಿನವೂ ನಿಂತು ಎಣಿಸದೆ ಡಿಗ್ರಿ ತೆಗೆದುಕೊಂಡು ಬರಬಹುದು. ಬಹಳ ಮಂದಿ ಹಾಗೇ ಬರುತ್ತಿದ್ದಾರೆ.

ನಾನು ಹುಬ್ಬಳ್ಳಿಯಲ್ಲಿರುವ ಸಿವಿಲ್ ಇಂಜಿನಿಯರ್. ಊರೊಳಗಿನ ರಸ್ತೆ, ಗಟಾರ, ಫುಟ್‌ಪಾತ್ ಕೆಲಸಗಳಿಗೆ ಡ್ರಾಯಿಂಗ್ ಮತ್ತು ಎಸ್ಟಿಮೇಟ್ ಮಾಡುವುದು ನನ್ನ ಕಸುಬು. ಹೊಸದಾಗಿ ಪಾಸಾದವರು ನಮ್ಮ ಜೊತೆ ಕೆಲಸಕ್ಕೆ ಬರುತ್ತಾರೆ. ಚುರುಕಾದ ಹುಡುಗರು, ಹುಡುಗಿಯರು. ಆಟೋಕ್ಯಾಡ್ ಅಂದರೆ ನೀರು ಕುಡಿದಷ್ಟು ಸಲೀಸು. ಇವರಲ್ಲೇ ಕೆಲವರು ಮುಂದೆ ಪರೀಕ್ಷೆ ಬರೆದು ಪಾಲಿಕೆ, ಪುರಸಭೆ, ಲೋಕೋಪಯೋಗಿ ಇಲಾಖೆಗೆ ಸಹಾಯಕ, ಕಿರಿಯ ಇಂಜಿನಿಯರ್ (ಎಇ, ಜೆಇ) ಆಗಿ ಹೋಗುತ್ತಾರೆ. ಅಂದರೆ ನಮ್ಮ ನಿಮ್ಮ ಮನೆ ಮುಂದಿನ ರಸ್ತೆ ಹೇಗಿರಬೇಕು ಅಂತ ಗೆರೆ ಎಳೆಯುವವರು ಇವರೇ.

ನನ್ನ ಬೇಡಿಕೆ ಒಂದೇ. ಸಾರಿಗೆ ಮತ್ತು ನಗರ ಯೋಜನೆ, ಎರಡನ್ನೂ ಸೇರಿಸಿ ಒಂದು ಕಡ್ಡಾಯ ವಿಷಯ ಮಾಡಿ. ಅದರ ಅರ್ಧ ಭಾಗವನ್ನು ಬೀದಿಯಲ್ಲಿ ನಿಲ್ಲಿಸಿ ಕಲಿಸಿ. ಈಗ ಬಹಳ ಕಡೆ ಹೆದ್ದಾರಿ ಇಂಜಿನಿಯರಿಂಗ್ ಕಡ್ಡಾಯ, ನಗರ ಸಾರಿಗೆ ಯೋಜನೆ ಇಲೆಕ್ಟಿವ್. ಇಲೆಕ್ಟಿವ್ ಅಂದ ಮೇಲೆ ಸ್ಕೋರಿಂಗ್ ಯಾವುದು, ನೋಟ್ಸ್ ಯಾವುದಕ್ಕೆ ಸಿಗುತ್ತದೆ ಅಂತ ನೋಡಿ ಆರಿಸಿಕೊಳ್ಳುವುದು. ತಪ್ಪು ಅವರದ್ದಲ್ಲ ಬಿಡಿ.

ಕ್ಲಾಸಿನಲ್ಲಿ ಎಲ್ಲರೂ ಮಾಡುವ ಪಿಸಿಯು ಲೆಕ್ಕವನ್ನೇ ತೆಗೆದುಕೊಳ್ಳಿ. ಪಿಸಿಯು ಅಂದರೆ ಪ್ಯಾಸೆಂಜರ್ ಕಾರ್ ಯೂನಿಟ್, ಒಂದು ವಾಹನ ಎಷ್ಟು ಕಾರಿಗೆ ಸಮ ಅನ್ನುವ ಅಳತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106, ಅಂದರೆ ನಗರ ರಸ್ತೆಗಳ ಸಾಮರ್ಥ್ಯದ ಬಗ್ಗೆ 1990ರಲ್ಲಿ ಬಂದ ಮಾರ್ಗಸೂಚಿ, ಕಾರನ್ನು 1 ಅಂತ ಹಿಡಿಯುತ್ತದೆ. ದ್ವಿಚಕ್ರಕ್ಕೆ, ರಸ್ತೆಯಲ್ಲಿ ಅವುಗಳ ಪಾಲು ನೋಡಿಕೊಂಡು, 0.5 ಅಥವಾ 0.75. ಆಟೋಗೆ 1.2 ಅಥವಾ 2. ಬಸ್ಸಿಗೆ, ಲಾರಿಗೆ 2.2, ಅವುಗಳ ಪಾಲು ಜಾಸ್ತಿ ಇದ್ದರೆ 3.7. ಪ್ರಶ್ನೆಯಲ್ಲಿ ಇಷ್ಟು ಕಾರು, ಇಷ್ಟು ಬಸ್ಸು, ಇಷ್ಟು ಬೈಕು ಅಂತ ಕೊಡುತ್ತಾರೆ. ಗುಣಿಸಿ, ಕೂಡಿಸಿ, ರಸ್ತೆಯ ಸಾಮರ್ಥ್ಯದ ಜೊತೆ ಹೋಲಿಸಬೇಕು. ಮೊತ್ತ ಜಾಸ್ತಿ ಬಂದರೆ ಉತ್ತರ ಸಿದ್ಧ ಇದೆ: ರಸ್ತೆ ಅಗಲ ಮಾಡಿ.

ಈ ಲೆಕ್ಕದಲ್ಲಿ ಬಸ್ಸು ಅಪರಾಧಿ ಥರ ಕಾಣುತ್ತದೆ, ಅಲ್ವಾ? ಒಂದು ಬಸ್ಸು ಬಂದರೆ 3.7 ಕಾರಿನ ಜಾಗ ಹೋಯಿತು. ಆದರೆ ಆ ಬಸ್ಸಿನಲ್ಲಿ 50 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಕಾರಿಗೆ ಸರಾಸರಿ ಒಂದೂವರೆ ಜನ ಅಂತ ಹಿಡಿದರೆ 3.7 ಕಾರಿನಲ್ಲಿ ಹೋಗುವವರು ಐದೂವರೆ ಜನ. ಅಷ್ಟೇ ಜಾಗದಲ್ಲಿ ಒಂಬತ್ತು ಪಟ್ಟು ಜನ ಹೋದರು. ಈ ಎರಡನೇ ಸಾಲಿನ ಗುಣಾಕಾರವನ್ನು ನಮ್ಮ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಇನ್ನು ನಡೆದುಕೊಂಡು ಹೋಗುವವರಿಗೆ ಆ ಕೋಷ್ಟಕದಲ್ಲಿ ಸಂಖ್ಯೆಯೇ ಇಲ್ಲ. ಕೈಗಾಡಿಗೆ ಇದೆ, ಟಾಂಗಾಕ್ಕೂ ಇದೆ.

ಪಿಸಿಯು ಕೆಟ್ಟದ್ದು ಅನ್ನುತ್ತಿಲ್ಲ. ವಾಹನ ಎಷ್ಟು ಜಾಗ ತಿನ್ನುತ್ತದೆ ಅಂತ ತಿಳಿಯಲು ಅದು ಒಳ್ಳೆಯ ಸಾಧನ. ತೊಂದರೆ ಏನೆಂದರೆ ಅದೊಂದನ್ನೇ ತಲೆಯಲ್ಲಿ ಇಟ್ಟುಕೊಂಡು ಮಕ್ಕಳು ಹೊರಗೆ ಬರುತ್ತಾರೆ. ವಾಹನಕ್ಕಿಂತ ಜನರ ಓಡಾಟ ಮುಖ್ಯ ಅಂತ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. ಮರುವರ್ಷವೇ ನಮ್ಮ ರಾಜ್ಯ ನಗರ ಭೂ ಸಾರಿಗೆ ನಿರ್ದೇಶನಾಲಯ ಶುರು ಮಾಡಿತು. ಸರ್ಕಾರದ ಕಾಗದದಲ್ಲಿ ಬಂದಿದ್ದು ತರಗತಿಯ ಕರಿಹಲಗೆಗೆ ಇನ್ನೂ ಸರಿಯಾಗಿ ಬಂದಿಲ್ಲ.

ಇದಕ್ಕೆ ನಾವು ಬೆಲೆ ತೆರುತ್ತಿದ್ದೇವೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಅದರಲ್ಲಿ ಸುಮಾರು 44 ಶೇಕಡಾ ದ್ವಿಚಕ್ರದವರು, ಸುಮಾರು 19 ಶೇಕಡಾ ನಡೆಯುವವರು. ಪಿಸಿಯು ಕೋಷ್ಟಕದಲ್ಲಿ ಅರ್ಧ, ಮುಕ್ಕಾಲು, ಇಲ್ಲವೇ ಏನೂ ಇಲ್ಲದವರು ಸಾವಿನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ.

ನಮ್ಮೂರಿನ ಉದಾಹರಣೆಗೆ ಬರುತ್ತೇನೆ. ಹುಬ್ಬಳ್ಳಿ ಧಾರವಾಡದ ನಡುವೆ ಬಿಆರ್‌ಟಿಎಸ್ ಇದೆ, ಅಂದರೆ ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ದಾರಿ ಇರುವ ವ್ಯವಸ್ಥೆ. ಸುಮಾರು 22 ಕಿಲೋಮೀಟರ್ ಉದ್ದ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆ ಆಯಿತು. ಬಸ್ಸಿಗೆ ಚಿಗರಿ ಅಂತ ಹೆಸರು. ಕರ್ನಾಟಕದಲ್ಲಿ ಇಂಥದ್ದು ಬೇರೆಲ್ಲೂ ಇಲ್ಲ. ಈ ರಸ್ತೆಯ ಅಕ್ಕಪಕ್ಕದಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಲ್ಯಾಬ್ ಎಲ್ಲಿ ಸಿಗಬೇಕು?

ಇಲ್ಲಿ ಯಾರನ್ನು ಕೇಳಿದರೂ ಬಿಆರ್‌ಟಿಎಸ್ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ಜಾಸ್ತಿ ಕೇಳಿಬರುವುದು ಇದು: "ನಡುವಿನ ದಾರಿ ಖಾಲಿ ಹೊಡೀತೈತಿ, ಬಾಜೂಕ ನಾವು ಒಬ್ಬರ ಮ್ಯಾಲ ಒಬ್ಬರು ನಿಂತಿರ್ತೀವಿ. ಎಲ್ಲಾ ಗಾಡಿ ಬಿಡ್ರಿ ಅದರಾಗ." ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರುಗಳೂ ಇದನ್ನೇ ಹೇಳುತ್ತಾರೆ. ಬೇರೆಯವರು ಹೇಳಿದರೆ ಸರಿ. ಸಿವಿಲ್ ಓದಿದವರು ಹೇಳುವ ಮೊದಲು ಒಂದು ಲೆಕ್ಕ ಮಾಡಬೇಕಿತ್ತು.

ಲೆಕ್ಕ ಹೀಗಿದೆ. ಪ್ರತ್ಯೇಕ ದಾರಿಯಲ್ಲಿ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಅಂತ ಹಿಡಿಯಿರಿ. ಗಂಟೆಗೆ 3,600 ಜನ ಹೋದ ಹಾಗಾಯಿತು. ಒಂದು ಬಸ್ಸು ನಮ್ಮ ಕಣ್ಣ ಮುಂದೆ ದಾಟಲು ಕೆಲವೇ ಸೆಕೆಂಡು ಸಾಕು. ನಿಮಿಷದ ಉಳಿದ ಹೊತ್ತು ಆ ದಾರಿ ಖಾಲಿಯೇ ಕಾಣಬೇಕು. ಪಕ್ಕದ ಲೇನಿನಲ್ಲಿ ಸಿಗ್ನಲ್ಲು, ತಿರುವು ಎಲ್ಲ ಕಳೆದು ಗಂಟೆಗೆ 800 ಕಾರು ಹೋದವು ಅಂದುಕೊಳ್ಳಿ. ತಲಾ ಒಂದೂವರೆಯಂತೆ 1,200 ಜನ. ಆ ಲೇನ್ ಮಾತ್ರ ಗಿಜಿಗುಡುತ್ತಿರುತ್ತದೆ. ಖಾಲಿ ಕಾಣುವ ದಾರಿ ತುಂಬಿದ ದಾರಿಗಿಂತ ಮೂರು ಪಟ್ಟು ಜನರನ್ನು ಸಾಗಿಸಿತು.

ಈಗ ಅದೇ ಲೆಕ್ಕವನ್ನು ತಿರುಗಿಸಿ ಮಾಡಿ. ಬಸ್ಸು ಐದು ನಿಮಿಷಕ್ಕೊಂದು, ಬಸ್ಸಿಗೆ 40 ಜನ. ಗಂಟೆಗೆ 480 ಜನ ಮಾತ್ರ. ಆಗ ಗೊಣಗುವವರ ಮಾತಿನಲ್ಲಿ ಹುರುಳಿದೆ. ಆದರೆ ಮದ್ದು ಮತ್ತೆ ಬೇರೆ: ಇನ್ನಷ್ಟು ಬಸ್ಸು ಬಿಡಬೇಕೋ, ಬೇರೆ ಸಾರಿಗೆ ಬಸ್ಸುಗಳನ್ನೂ ಒಳಗೆ ತರಬೇಕೋ, ಬಡಾವಣೆಯಿಂದ ನಿಲ್ದಾಣದವರೆಗೆ ಬರಲು ಸಂಪರ್ಕ ಬಸ್ಸು ಬೇಕೋ, ನಡುರಸ್ತೆಯ ನಿಲ್ದಾಣ ತಲುಪಲು ದಾಟುವ ಜಾಗ ಸರಿ ಮಾಡಬೇಕೋ ಅಂತ ನೋಡಬೇಕು. ಈ ಎರಡರಲ್ಲಿ ನಮ್ಮ ಊರಿನ ಕಥೆ ಯಾವುದು? ಯಾವ ಹೊತ್ತಿನಲ್ಲಿ ಯಾವುದು? ಎಣಿಸಿದವರಿಗೆ ಮಾತ್ರ ಗೊತ್ತಾಗುತ್ತದೆ. ನವನಗರದ ಹತ್ತಿರ ಬೆಳಗ್ಗೆ ಒಂದು ಥರ ಇರಬಹುದು, ಮಧ್ಯಾಹ್ನ ಇನ್ನೊಂದು ಥರ. ಒಂದು ಬ್ಯಾಚ್ ವಿದ್ಯಾರ್ಥಿಗಳು ಒಂದು ವಾರ ಎಣಿಸಿ ಊರಿನ ಮುಂದೆ ಇಟ್ಟರೆ, ವರ್ಷಗಟ್ಟಲೆ ನಡೆದ ಜಗಳಕ್ಕೆ ಒಂದು ತಳಪಾಯವಾದರೂ ಸಿಗುತ್ತದೆ. ದೆಹಲಿಯಲ್ಲಿ 2008ರಲ್ಲಿ ಶುರುವಾದ 5.8 ಕಿಲೋಮೀಟರ್ ಬಿಆರ್‌ಟಿಯನ್ನು 2016ರಲ್ಲಿ ಕಿತ್ತು ಹಾಕಿದರು. ಅಲ್ಲಿ ಜಾಸ್ತಿ ಕೇಳಿಸಿದ್ದೂ ಕಾರಿನಲ್ಲಿ ಕೂತವರ ದನಿಯೇ.

ಇನ್ನು ಫುಟ್‌ಪಾತ್. ಹೊಸಬರ ಕೈಗೆ 18 ಮೀಟರ್ ರಸ್ತೆಯ ಕ್ರಾಸ್ ಸೆಕ್ಷನ್ ಕೊಟ್ಟು ಬರೆಯಿರಿ ಅಂದರೆ, ಮೊದಲು ನಡುವಿನಿಂದ ಶುರು ಮಾಡುತ್ತಾರೆ. ಮೀಡಿಯನ್, ಆಮೇಲೆ ಎರಡೂ ಕಡೆ ವಾಹನ ಓಡುವ ಕ್ಯಾರೇಜ್‌ವೇ, ಆಮೇಲೆ ಗಟಾರ. ಮಿಕ್ಕಿದ್ದು ಫುಟ್‌ಪಾತ್. ಯಾವಾಗಲೂ ಮಿಕ್ಕಿದ್ದು. ಗಟಾರದ ಮೇಲೆ ಚಪ್ಪಡಿ ಹಾಕಿದರೆ ಅದೇ ಫುಟ್‌ಪಾತ್ ಅಂತ ಬರೆದೂ ಬಿಡುತ್ತಾರೆ. ನಡೆಯುವವರಿಗಾಗಿಯೇ ಐಆರ್‌ಸಿ 103 ಇದೆ. ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ತಲೆ ಮೇಲೆ 2.2 ಮೀಟರ್ ತೆರವು, ಅಂಚುಕಲ್ಲಿನ (ಕರ್ಬ್) ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಬೇಡ ಅಂತ ಅದರ 2012ರ ಆವೃತ್ತಿಯಲ್ಲೇ ಇತ್ತು. ಇದನ್ನು ಓದಿದ್ದೀರಾ ಅಂದರೆ ಹೆಚ್ಚಿನವರು ಹೆಸರೇ ಕೇಳಿಲ್ಲ ಅನ್ನುತ್ತಾರೆ. ಡಾಂಬರು ರಸ್ತೆಯ ದಪ್ಪದ ಐಆರ್‌ಸಿ 37 ಮಾತ್ರ ಬಾಯಿಪಾಠ.

ಡ್ರಾಯಿಂಗಿನಲ್ಲಿ ಎರಡು ಮೀಟರ್ ಅಂತ ಬರೆದ ಫುಟ್‌ಪಾತ್ ಮೇಲೆ ಹೋಗಿ ನಡೆಯಿರಿ. ಹತ್ತು ಹೆಜ್ಜೆಗೆ ವಿದ್ಯುತ್ ಕಂಬ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್ ಕಟ್ಟೆ. ಆಮೇಲೆ ಒಂದು ಮನೆಯ ಗೇಟಿನ ಇಳಿಜಾರು, ಅದರ ಪಕ್ಕ ಅಂಗಡಿಯ ಮೆಟ್ಟಿಲು, ಅದರ ಮುಂದೆ ಮುಚ್ಚಳ ಎದ್ದ ಚೇಂಬರು. ಕೆಲವು ಕಡೆ ನಡೆಯಲು ಉಳಿಯುವುದು ಎರಡಡಿ. ಮಂಡಿ ನೋವಿನ ಅಜ್ಜಿ ಒಂದಡಿ ಎತ್ತರದ ಕಟ್ಟೆ ಹತ್ತಿ ಇಳಿದು, ಹತ್ತಿ ಇಳಿದು ಹೋಗುತ್ತಾಳಾ? ಸುಮ್ನೆ ರಸ್ತೆಗಿಳಿದು ನಡೆಯುತ್ತಾಳೆ. ಗಾಲಿಕುರ್ಚಿಯವರಂತೂ ಮನೆಯಲ್ಲೇ ಉಳಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಸ್ಟಿಮೇಟ್ ಬರೆಯುವವರ ಮೇಜಿಗೆ ಬರುವುದೇ ಇಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅಂತ ಮಾಡಿದರಲ್ಲ, ಅಲ್ಲಿ ಪೈಪು, ಕೇಬಲ್ಲು ಎಲ್ಲಕ್ಕೂ ನೆಲದ ಕೆಳಗೆ ಮೊದಲೇ ಜಾಗ ಮಾಡಿ, ಮೇಲೆ ಅಗಲವಾದ ಫುಟ್‌ಪಾತ್ ಹಾಕಿದರು. ದುಬಾರಿ ಅಂತ ಬೈದವರಿದ್ದಾರೆ. ಆ ವಾದವೂ ತರಗತಿಯಲ್ಲಿ ನಡೆಯಲಿ. ದರಪಟ್ಟಿ ಹಿಡಿದುಕೊಂಡು ನಡೆಯಲಿ.

ಸಾರಿಗೆಯನ್ನು ನಗರ ಯೋಜನೆಯಿಂದ ಬೇರೆ ಮಾಡಿ ಯಾಕೆ ಕಲಿಸಬಾರದು ಅನ್ನುವುದಕ್ಕೆ ಯಾವುದಾದರೂ ಊರಿನ ಅಂಚಿನ ಲೇಔಟ್ ನೋಡಿ ಬನ್ನಿ. ಒಂದೊಂದು ಹೊಲ ಒಂದೊಂದು ಲೇಔಟ್. ಒಳಗೆ ಮೂವತ್ತು ನಲವತ್ತು ಸೈಟು, ಮೂವತ್ತಡಿ ರಸ್ತೆ. ಎಲ್ಲವೂ ಕಾಗದದ ಮೇಲೆ ಚೌಕಾಕಾರ, ಚೆಂದ. ಆದರೆ ಈ ಲೇಔಟಿನ ರಸ್ತೆ ಪಕ್ಕದ ಲೇಔಟಿನ ಕಾಂಪೌಂಡಿಗೆ ಹೋಗಿ ಮುಗಿಯುತ್ತದೆ. ಗೋಡೆಯಾಚೆಯ ಶಾಲೆಗೆ ಹೋಗಬೇಕಾದ ಮಗು ಮುಖ್ಯ ರಸ್ತೆಗೆ ಬಂದು ಸುತ್ತಿ ಹೋಗಬೇಕು. 12 ಮೀಟರ್ ಉದ್ದದ ಬಸ್ಸು ಒಳಗೆ ಹೋದರೆ ತಿರುಗಲು ಜಾಗ ಇಲ್ಲ, ಹಾಗಾಗಿ ಬಸ್ಸು ಬರುವುದಿಲ್ಲ. ಬಸ್ಸು ಬರದಿದ್ದರೆ ಮನೆಗೆರಡು ಬೈಕು. ಹತ್ತು ವರ್ಷ ಆದ ಮೇಲೆ ಮುಖ್ಯ ರಸ್ತೆಯಲ್ಲಿ ಜಾಮ್. ಆಗ ನಮ್ಮನ್ನು ಕರೆದು ಫ್ಲೈಓವರಿಗೆ ಎಸ್ಟಿಮೇಟ್ ಮಾಡಿ ಅನ್ನುತ್ತಾರೆ. ಆ ಜಾಮ್ ಶುರುವಾಗಿದ್ದು ಲೇಔಟ್ ನಕ್ಷೆಗೆ ಸಹಿ ಬಿದ್ದ ದಿನ. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಸಿವಿಲ್ ಪದವಿ ಮುಗಿಸಿದ ಎಷ್ಟು ಜನ ಅದರ ಒಂದು ಪುಟ ತಿರುವಿದ್ದಾರೆ?

ಹಿಂದೆ ಇಂಜಿನಿಯರುಗಳಿಗೆ ಇವು ಬೇರೆ ಬೇರೆ ಆಗಿರಲಿಲ್ಲ. 1898ರ ಪ್ಲೇಗ್ ಆದ ಮೇಲೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಎದ್ದಾಗ ರಸ್ತೆ, ಚರಂಡಿ, ಗಾಳಿ ಬೆಳಕು, ಸೈಟು ಎಲ್ಲ ಒಂದೇ ನಕ್ಷೆಯಲ್ಲಿದ್ದವು. ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವ ವಿಶ್ವೇಶ್ವರಯ್ಯನವರು 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಹೋದಾಗ, ನದಿಯ ನೀರು ಹಿಡಿಯುವ ಜಲಾಶಯ ಮತ್ತು ಊರಿನ ಒಳಚರಂಡಿ ಎರಡಕ್ಕೂ ಯೋಜನೆ ಕೊಟ್ಟು ಬಂದರು.

ಬಸ್ಸಿನ ವಿಷಯ ಸಿವಿಲ್‌ಗೆ ಯಾಕೆ, ಅದು ಸಾರಿಗೆ ಸಂಸ್ಥೆಯವರದ್ದು ಅಂತ ಒಬ್ಬ ಪ್ರಾಧ್ಯಾಪಕರು ನನಗೆ ಹೇಳಿದ್ದರು. ಇದೊಂದು ಲೆಕ್ಕ ನೋಡಿ. ಒಂದು ಮಾರ್ಗ, ಹೋಗಲು 40 ನಿಮಿಷ, ಬರಲು 40, ಎರಡೂ ತುದಿಯಲ್ಲಿ ತಲಾ 10 ನಿಮಿಷ ನಿಲುಗಡೆ. ಒಂದು ಸುತ್ತಿಗೆ 100 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ 10 ಬಸ್ಸು ಸಾಕು. ಈಗ ಜಾಮ್‌ನಿಂದ 40 ನಿಮಿಷದ್ದು 50 ಆಯಿತು. ಸುತ್ತು 120 ನಿಮಿಷ. ಅದೇ ಸೇವೆಗೆ 12 ಬಸ್ಸು ಬೇಕು, ಜೊತೆಗೆ ಚಾಲಕರು, ನಿರ್ವಾಹಕರು, ಡೀಸೆಲ್ಲು. ಹೊಸ ಬಸ್ಸು ಕೊಡದಿದ್ದರೆ ಹತ್ತು ನಿಮಿಷಕ್ಕೆ ಬರುತ್ತಿದ್ದದ್ದು 12 ನಿಮಿಷಕ್ಕೆ ಬರುತ್ತದೆ, ಅದೂ ತುಂಬಿ ತುಳುಕುತ್ತಾ. ಬೇಸತ್ತ ಒಂದಷ್ಟು ಜನ ಬೈಕು ತೆಗೆದುಕೊಳ್ಳುತ್ತಾರೆ, ಜಾಮ್ ಇನ್ನಷ್ಟು ಜಾಸ್ತಿ. ಜಂಕ್ಷನ್ ಡಿಸೈನ್ ಮಾಡುವವರು ನಾವು, ಬಸ್ ಬೇ ಎಲ್ಲಿ ಬರಬೇಕು ಅನ್ನುವವರು ನಾವು. ಮತ್ತೆ ಬಸ್ಸು ನಮ್ಮದಲ್ಲ ಅಂದರೆ ಹೇಗೆ? ಡಿಪೋಗೆ ಒಂದು ದಿನ ಕರೆದುಕೊಂಡು ಹೋಗಿ. ನಿರ್ವಾಹಕರು ಟಿಕೆಟ್ ಲೆಕ್ಕ ಬರೆಯುವ ವೇಬಿಲ್ ಓದಲು ಕಲಿಸಿ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಮಾಡೆಲ್ಲಿಗೂ ಗೊತ್ತಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ದರ ಸೊನ್ನೆ ಆಯಿತು. ದರ ಇಳಿದರೆ ಓಡಾಟ ಎಷ್ಟು ಬದಲಾಗುತ್ತದೆ ಅನ್ನುವುದು ಸಾರಿಗೆ ಪಾಠದ ಮುಖ್ಯ ಪ್ರಶ್ನೆ. ಇಷ್ಟು ದೊಡ್ಡ ಪ್ರಯೋಗ ಕಾಲೇಜಿನ ಗೇಟಿನ ಮುಂದೆಯೇ ನಡೆಯುತ್ತಿರುವಾಗ ಮಕ್ಕಳು ಒಳಗೆ ಕೂತು 1950ರ ದಶಕದ ಅಮೆರಿಕದಲ್ಲಿ ಬೆಳೆದ, ಜನರ ಓಡಾಟ ಅಂದಾಜಿಸುವ ನಾಲ್ಕು ಹಂತದ ಮಾದರಿಯ ವ್ಯಾಖ್ಯಾನ ಉರು ಹೊಡೆಯುತ್ತಿದ್ದಾರೆ.

ಡಿಪಿಆರ್, ಅಂದರೆ ಯೋಜನೆಯ ವಿವರವಾದ ವರದಿ, ಓದುವುದನ್ನೂ ಕಲಿಸಬೇಕು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟುತ್ತೇವೆ ಅಂದಾಗ, ಅದನ್ನು ಪ್ರಶ್ನಿಸಿ 2016ರ ಅಕ್ಟೋಬರ್‌ನಲ್ಲಿ ಬೀದಿಗೆ ಬಂದು ಸಾಲಾಗಿ ನಿಂತವರು ಸಾಮಾನ್ಯ ನಾಗರಿಕರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಚರ್ಚೆ. ಪರವೋ ವಿರೋಧವೋ ಆಮೇಲೆ. ರಸ್ತೆ ಜಾಸ್ತಿ ಮಾಡಿದರೆ ಓಡಾಡುವ ವಾಹನವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಜಾಸ್ತಿ ಆಗುತ್ತದೆ ಅಂತ ಅಮೆರಿಕದ ನಗರಗಳ ಅಂಕಿಅಂಶ ಇಟ್ಟುಕೊಂಡು 2011ರಲ್ಲಿ ತೋರಿಸಿದವರು ಡುರಾಂಟನ್ ಮತ್ತು ಟರ್ನರ್, ಇಬ್ಬರೂ ಅರ್ಥಶಾಸ್ತ್ರಜ್ಞರು. ಇದನ್ನು ಕೇಳಿರದ ಇಂಜಿನಿಯರ್ ಡಿಪಿಆರ್‌ನ ಟ್ರಾಫಿಕ್ ಅಧ್ಯಾಯವನ್ನು ಯಾವ ಪ್ರಶ್ನೆ ಕೇಳಿ ಪರೀಕ್ಷಿಸುತ್ತಾನೆ?

ಸಿಲಬಸ್ ಈಗಲೇ ತುಂಬಿ ಹೋಗಿದೆ ಅಂತ ನೀವು ಹೇಳುತ್ತೀರಿ, ನಿಜ. ಅದಕ್ಕೇ ಹೊಸ ಸಮಯ ಕೇಳುತ್ತಿಲ್ಲ. ಎಕ್ಸ್‌ಟೆನ್ಸಿವ್ ಸರ್ವೆ ಕ್ಯಾಂಪ್, ಅಂದರೆ ಮಕ್ಕಳು ಹೊರಗೆ ಹೋಗಿ ಅಳತೆ ಮಾಡುವ ಶಿಬಿರ, ಇದೆಯಲ್ಲ, ಅದರಿಂದಲೇ ಶುರು ಮಾಡಿ. ಹೊಸ ಕೆರೆ, ಹಳೆ ಕೆರೆ, ನೀರು ಸರಬರಾಜು, ಹೆದ್ದಾರಿ ಅಂತ ಮಾಡಿಸುತ್ತೀರಿ. ಹೆದ್ದಾರಿ ಪ್ರಾಜೆಕ್ಟಿನಲ್ಲಿ ಬಯಲಿನಲ್ಲಿ ಹೊಸ ರಸ್ತೆಗೆ ಅಲೈನ್‌ಮೆಂಟ್ ಹುಡುಕಿ, ಲೆವೆಲ್ ತೆಗೆದು, ಕಟಿಂಗ್ ಫಿಲ್ಲಿಂಗ್ ಲೆಕ್ಕ ಹಾಕುತ್ತಾರೆ. ಎಷ್ಟೋ ಕಡೆ ಹಿಂದಿನ ಬ್ಯಾಚಿನ ರಿಪೋರ್ಟೇ ಮುಂದಿನ ಬ್ಯಾಚಿನ ರಿಪೋರ್ಟು, ಹೆಸರು ಮಾತ್ರ ಬೇರೆ. ಅದರ ಬದಲು, ಇಲ್ಲವೇ ಅದರ ಜೊತೆಗೆ, ಕ್ಯಾಂಪ್ ಇರುವ ಊರಿನ ಒಂದು ಕಿಲೋಮೀಟರ್ ಇರುವ ರಸ್ತೆಯನ್ನೇ ಕೊಡಿ. ಟೋಟಲ್ ಸ್ಟೇಷನ್ ಯಂತ್ರ ಇಟ್ಟು ಅಳೆಯುವ ಕೆಲಸ ಅಲ್ಲೂ ಆಗುತ್ತದೆ. ಪ್ರತಿ 20 ಮೀಟರಿಗೆ ಫುಟ್‌ಪಾತಿನಲ್ಲಿ ನಡೆಯಲು ನಿಜಕ್ಕೂ ಉಳಿದ ಅಗಲ ಅಳೆಯಲಿ. ಶಾಲೆ ಬಿಡುವ ಹೊತ್ತಿಗೆ ದಾಟುವವರನ್ನು ಎಣಿಸಲಿ. ವಾಹನದ ಜೊತೆಗೆ ಅದರೊಳಗಿನ ತಲೆ ಎಣಿಸಲಿ. ತರಕಾರಿ ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲೇ ಯಾಕೆ ನಿಲ್ಲುತ್ತದೆ ಅಂತ ಗಾಡಿಯವರನ್ನೇ ಕೇಳಲಿ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ, ಅದನ್ನು ಓದಿಕೊಂಡು ಹೋಗಿ ಕೇಳಲಿ. ಕೊನೆಯ ದಿನ ಆ ರಸ್ತೆಯ ಅಂಗಡಿಯವರು, ಮನೆಯವರು, ವಾರ್ಡಿನ ಪ್ರತಿನಿಧಿ ಬಂದು ಕೂತಾಗ ತಮ್ಮ ನಕ್ಷೆಯನ್ನು ಕನ್ನಡದಲ್ಲಿ ವಿವರಿಸಲಿ. ಅಲ್ಲಿ ಬರುವ ಪ್ರಶ್ನೆಗಳ ಮುಂದೆ ವೈವಾ ಏನೂ ಅಲ್ಲ! ಅಂಕವನ್ನು ಸಿಐಇನಲ್ಲೇ, ಅಂದರೆ ಕಾಲೇಜಿನೊಳಗಿನ ಮೌಲ್ಯಮಾಪನದಲ್ಲೇ, ಕೊಡಬಹುದು.

ಪಾಠ ಮಾಡುವವರು ಎಲ್ಲಿ ಅನ್ನುವ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ನಗರ ಯೋಜನಾ ಇಲಾಖೆಯ ಅಧಿಕಾರಿ, ಡಿಪೋ ವ್ಯವಸ್ಥಾಪಕರು, ಟ್ರಾಫಿಕ್ ಪೊಲೀಸ್ ಇನ್‌ಸ್ಪೆಕ್ಟರ್ ಎಲ್ಲ ಊರಿನಲ್ಲೂ ಇದ್ದಾರೆ. ಕರೆದರೆ ಬರುತ್ತಾರೆ.

ಮುಂದಿನ ಸ್ಕೀಮ್ ಪರಿಷ್ಕರಣೆಗೆ ಕೂರುವಾಗ ಈ ಪತ್ರವನ್ನು ಅಜೆಂಡಾದಲ್ಲಿ ಸೇರಿಸಿ ಅಂತ ಕೋರುತ್ತೇನೆ. ಅಲ್ಲಿಯವರೆಗೆ ಕಾಯಲಾರದ ಕಾಲೇಜುಗಳು ಇದೇ ಸೆಮಿಸ್ಟರ್‌ನಲ್ಲಿ ಶುರು ಮಾಡಬಹುದು. ಬೇಕಾಗುವುದು ಟೇಪು, ಕ್ಲಿಪ್‌ಬೋರ್ಡು, ಬಿಸಿಲಿಗೆ ಟೋಪಿ. ಹುಬ್ಬಳ್ಳಿ ಧಾರವಾಡದ ಯಾವ ಕಾಲೇಜಾದರೂ ಬಿಆರ್‌ಟಿಎಸ್ ರಸ್ತೆಯಲ್ಲಿ ಎಣಿಕೆ ಇಟ್ಟುಕೊಂಡರೆ ಫಾರಂ ತಯಾರು ಮಾಡಿಕೊಟ್ಟು, ನಾನೂ ಬಂದು ನಿಲ್ಲುತ್ತೇನೆ. ದಿನ ಮಾತ್ರ ಮಂಗಳವಾರದಿಂದ ಗುರುವಾರದೊಳಗೆ ಇಡಿ. ಶನಿವಾರ ಇಟ್ಟರೆ ಎಣಿಕೆ ಕೆಡುತ್ತದೆ.

ಇಂತಿ,
ಒಬ್ಬ ಸಿವಿಲ್ ಇಂಜಿನಿಯರ್,
ಹುಬ್ಬಳ್ಳಿ